ವರಸೆ, ವಂಶವಾಹಿ, ವಿನಾಯಿತಿ: ಜನಸಮುದಾಯಗಳ ಆನುವಂಶಿಕ ವೈವಿಧ್ಯದ ಮೂಲಗಳು ಮತ್ತು ನಮ್ಮ ಪಾಲನಾಸೇವೆ

ಪೀಠಿಕೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಕ್ರೈಸ್ತ ವಿಶ್ವಾಸಿಗಳ ಸಂಖ್ಯೆ ಅಲ್ಪ. ಇಂತಹ ಪ್ರದೇಶದಲ್ಲಿ ಮಗನಿಗೆ ಹೆಣ್ಣು ಹುಡುಕುವ ವಿಶ್ವಾಸಿ ಕುಟುಂಬದ ಮುಂದೆ ಬಹುಬೇಗ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ವರಸೆಗೆ ಕೂಡುವ ಹತ್ತಿರದ ನೆಂಟರಲ್ಲಿಯೇ ಸಂಬಂಧ ಮಾಡುವುದು ಒಂದು. ಕ್ರೈಸ್ತರಲ್ಲದವರ ಮನೆಯಿಂದ ಹೆಣ್ಣು ತರುವುದು ಇನ್ನೊಂದು. ಎರಡೂ ದಾರಿಗಳು ಕಡೆಗೆ ಧರ್ಮಕೇಂದ್ರದ ಗುರುವಿನ ಮೇಜಿನ ಬಳಿಗೇ ಬಂದು ನಿಲ್ಲುತ್ತವೆ. ಏಕೆಂದರೆ ಧರ್ಮಸಭೆಯ ಕಾನೂನು ಸಂಹಿತೆಯ 1091ನೆಯ ವಿಧಿ ರಕ್ತಸಂಬಂಧವನ್ನೂ, 1086ನೆಯ ವಿಧಿ ಜ್ಞಾನಸ್ನಾನ ಪಡೆಯದವರೊಡನೆ ಆಗುವ ವಿವಾಹವನ್ನೂ ಅಡ್ಡಿಗಳೆಂದು ಪರಿಗಣಿಸುತ್ತವೆ. ಎರಡಕ್ಕೂ ಧರ್ಮಾಧ್ಯಕ್ಷರ ವಿನಾಯಿತಿ ಬೇಕು.

ಎರಡನೆಯ ದಾರಿಯ ಕುರಿತು ನಮ್ಮ ಗುರುಮಠಗಳಲ್ಲಿ ಸಾಕಷ್ಟು ಚರ್ಚೆಯಾಗುತ್ತದೆ. ಮೊದಲನೆಯದನ್ನು ಮಾತ್ರ ನಾವು ಒಂದು ಅರ್ಜಿ ತುಂಬುವ ಕೆಲಸವೆಂದು ಹಗುರವಾಗಿ ಕಾಣುತ್ತೇವೆ. ಹುಡುಗ ಹುಡುಗಿ ಇಬ್ಬರೂ ವಿಶ್ವಾಸಿಗಳು, ಮನೆಯವರು ಒಪ್ಪಿದ್ದಾರೆ, ಊರಿನ ರೂಢಿಯೂ ಇದೆ, ಇನ್ನೇನು ತೊಡಕು ಎಂಬ ಭಾವನೆ ನಮ್ಮದು. ಆದರೆ ಇದು ಅಷ್ಟು ಹಗುರವಾದ ವಿಷಯವಲ್ಲ. ಒಂದು ಜನಸಮುದಾಯದಲ್ಲಿ ಆನುವಂಶಿಕ ವೈವಿಧ್ಯ ಎಲ್ಲಿಂದ ಬರುತ್ತದೆ, ಹೇಗೆ ಉಳಿಯುತ್ತದೆ, ಹೇಗೆ ಸವೆಯುತ್ತದೆ ಎಂಬ ತಿಳಿವಳಿಕೆ ಇದ್ದಾಗ ಮಾತ್ರ ಈ ವಿನಾಯಿತಿಯ ತೂಕ ನಮಗೆ ಅರ್ಥವಾಗುತ್ತದೆ. ಈ ಲೇಖನದಲ್ಲಿ ಮೊದಲು ವಿಜ್ಞಾನ ಹೇಳುವುದನ್ನು ವಿವರಿಸಿ, ಅನಂತರ ಧರ್ಮಸಭೆಯ ಪರಂಪರೆಯ ಬೆಳಕಿನಲ್ಲಿ ಅದನ್ನು ಪರಿಶೀಲಿಸಿ, ಕೊನೆಗೆ ಪಾಲನಾಸೇವೆಗೆ ಸಂಬಂಧಿಸಿದ ಕೆಲವು ನಿರ್ಣಯಗಳಿಗೆ ಬರಲು ಯತ್ನಿಸುತ್ತೇವೆ.

1. ವೈವಿಧ್ಯದ ಮೂರು ಮೂಲಗಳು

ಆನುವಂಶಿಕ ಗುಣಗಳ ನಿಯಮಗಳನ್ನು ಮೊದಲು ಸ್ಪಷ್ಟವಾಗಿ ಕಂಡವರು ಅಗಸ್ಟೀನ್ ಸಭೆಯ ಗುರು ಗ್ರೆಗೋರ್ ಮೆಂಡೆಲ್. ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿ ಗಿಡಗಳ ಮೇಲೆ ನಡೆಸಿದ ಪ್ರಯೋಗಗಳ ಫಲವನ್ನು ಅವರು 1865ರಲ್ಲಿ ಉಪನ್ಯಾಸಗಳಾಗಿ ಮಂಡಿಸಿ, 1866ರಲ್ಲಿ ಪ್ರಕಟಿಸಿದರು. ತಂದೆತಾಯಿಯರ ಗುಣಗಳು ಬಣ್ಣಗಳಂತೆ ಬೆರೆತು ಮಾಸಿಹೋಗುವುದಿಲ್ಲ, ಪ್ರತ್ಯೇಕ ಘಟಕಗಳಾಗಿ ಉಳಿದು ಮುಂದಿನ ತಲೆಮಾರಿನಲ್ಲಿ ಮತ್ತೆ ಹೊರಬರುತ್ತವೆ ಎಂಬುದು ಅವರು ಕಂಡ ಸತ್ಯ. ಆ ಘಟಕಗಳನ್ನೇ ನಾವಿಂದು ವಂಶವಾಹಿಗಳು ಎನ್ನುತ್ತೇವೆ. ಒಂದೇ ವಂಶವಾಹಿ ಒಂದು ಸಮುದಾಯದಲ್ಲಿ ಹಲವು ಭಿನ್ನರೂಪಗಳಲ್ಲಿ ಇರಬಹುದು. ಈ ಭಿನ್ನರೂಪಗಳ ಒಟ್ಟು ಸಂಪತ್ತೇ ಆ ಸಮುದಾಯದ ಆನುವಂಶಿಕ ವೈವಿಧ್ಯ. ಅದಕ್ಕೆ ಮುಖ್ಯವಾಗಿ ಮೂರು ಮೂಲಗಳಿವೆ.

ಮೊದಲನೆಯದು ಉತ್ಪರಿವರ್ತನೆ. ಮಾನವ ದೇಹದ ಜೀವಕೋಶದಲ್ಲಿರುವ ಡಿಎನ್‌ಎಯನ್ನು ಅಕ್ಷರಗಳಲ್ಲಿ ಬರೆದ ಗ್ರಂಥವೆಂದು ಭಾವಿಸಿದರೆ, ತಾಯಿಯಿಂದ ಸುಮಾರು 300 ಕೋಟಿ, ತಂದೆಯಿಂದ ಸುಮಾರು 300 ಕೋಟಿ ಅಕ್ಷರಗಳು ಮಗುವಿಗೆ ಬರುತ್ತವೆ. ಇಷ್ಟು ದೊಡ್ಡ ಪ್ರತಿಲೇಖನದಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುವುದು ಸಹಜ. ತಂದೆತಾಯಿ ಇಬ್ಬರಲ್ಲೂ ಇಲ್ಲದ ಸುಮಾರು 60ರಿಂದ 70 ಹೊಸ ಬದಲಾವಣೆಗಳು ಪ್ರತಿ ಮಗುವಿನಲ್ಲಿಯೂ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ತಂದೆಯ ಕಡೆಯಿಂದ ಬರುತ್ತವೆ. ತಂದೆಯ ವಯಸ್ಸು ಹೆಚ್ಚಿದಂತೆ ಅವುಗಳ ಸಂಖ್ಯೆಯೂ ಹೆಚ್ಚುತ್ತದೆ. ಬಹುಪಾಲು ಬದಲಾವಣೆಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕೆಲವು ಹಾನಿಕರ. ಅಪರೂಪಕ್ಕೆ ಕೆಲವು ಉಪಕಾರಿ. ಇನ್ನು ಕೆಲವು ಸಂದರ್ಭಕ್ಕೆ ತಕ್ಕಂತೆ ಎರಡೂ ಹೌದು. ಕುಡಗೋಲು ಕಣ ರಕ್ತಹೀನತೆಗೆ ಕಾರಣವಾಗುವ ಭಿನ್ನರೂಪವು ನಮ್ಮ ರಾಜ್ಯದ ದಕ್ಷಿಣ ಜಿಲ್ಲೆಗಳ ಕೆಲವು ಆದಿವಾಸಿ ಸಮುದಾಯಗಳಲ್ಲಿದೆ. ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಅದು ಬಂದರೆ ಮಲೇರಿಯಾದ ತೀವ್ರತೆಯಿಂದ ರಕ್ಷಣೆ ಕೊಡುತ್ತದೆ. ಇಬ್ಬರಿಂದಲೂ ಬಂದರೆ ಯಾತನಾಮಯ ಕಾಯಿಲೆಯಾಗುತ್ತದೆ. ಆದ್ದರಿಂದ ‘ಕೆಟ್ಟ ವಂಶವಾಹಿ’ ಎಂಬ ಮಾತನ್ನು ನಾವು ಬಹಳ ಎಚ್ಚರದಿಂದ ಬಳಸಬೇಕು.

ಎರಡನೆಯದು ಪುನಃಸಂಯೋಜನೆ. ಉತ್ಪರಿವರ್ತನೆ ಹೊಸ ಅಕ್ಷರವನ್ನು ತರುತ್ತದೆ. ಪುನಃಸಂಯೋಜನೆ ಇರುವ ಅಕ್ಷರಗಳಿಂದಲೇ ಹೊಸ ವಾಕ್ಯಗಳನ್ನು ಕಟ್ಟುತ್ತದೆ. ನಮ್ಮಲ್ಲಿ ವರ್ಣತಂತುಗಳ 23 ಜೋಡಿಗಳಿವೆ. ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ ಪ್ರತಿಯೊಂದು ಜೋಡಿಯಿಂದ ಒಂದೊಂದು ಮಾತ್ರ ಅದರೊಳಗೆ ಸೇರುತ್ತದೆ. ಈ ಆಯ್ಕೆ ಒಂದರಿಂದಲೇ 83,88,608 ಬಗೆಯ ಜೋಡಣೆಗಳು ಸಾಧ್ಯ. ನಮ್ಮ ಹಿರಿಯರ ಬಾಯಲ್ಲಿದ್ದ ಎಂಬತ್ತನಾಲ್ಕು ಲಕ್ಷ ಜೀವರಾಶಿಯ ಮಾತಿಗೂ ಈ ಸಂಖ್ಯೆಗೂ ಸಂಬಂಧವಿಲ್ಲವಾದರೂ, ಒಬ್ಬ ವ್ಯಕ್ತಿಯೊಳಗೇ ಅಷ್ಟು ಸಾಧ್ಯತೆಗಳು ಅಡಗಿವೆ ಎಂಬುದು ಬೆರಗಿನ ಸಂಗತಿ. ಇದರ ಜೊತೆಗೆ ಜೋಡಿ ವರ್ಣತಂತುಗಳು ತಮ್ಮ ತುಣುಕುಗಳನ್ನು ಪರಸ್ಪರ ಬದಲಾಯಿಸಿಕೊಳ್ಳುವುದರಿಂದ ಜೋಡಣೆಗಳಿಗೆ ಲೆಕ್ಕವೇ ಇಲ್ಲದಂತಾಗುತ್ತದೆ. ಒಂದೇ ಬಸಿರಿನಲ್ಲಿ ಹುಟ್ಟಿದ ಅಣ್ಣತಮ್ಮಂದಿರು ಒಬ್ಬರಂತೆ ಒಬ್ಬರು ಇರದಿರುವುದಕ್ಕೆ ಇದೇ ಕಾರಣ.

ಈ ಸತ್ಯವನ್ನು ಮೇಲೆ ಹೇಳಿದ ತಾಲ್ಲೂಕುಗಳ ರೈತರಿಗೆ ನಾವು ಕಲಿಸಬೇಕಾಗಿಲ್ಲ. ಹರಪನಹಳ್ಳಿ, ಕೊಟ್ಟೂರು ಸೀಮೆಯಲ್ಲಿ ಹೈಬ್ರಿಡ್ ಮೆಕ್ಕೆಜೋಳ ಬೆಳೆಯುವವರು ಪ್ರತಿವರ್ಷ ಹೊಸ ಬೀಜ ಕೊಳ್ಳುತ್ತಾರೆ. ಹೈಬ್ರಿಡ್ ಬೆಳೆಯ ಕಾಳನ್ನೇ ಕೂಡಿಟ್ಟು ಬಿತ್ತಿದರೆ ಮುಂದಿನ ಪೈರು ಒಂದೇ ಸಮನಾಗಿ ಬರುವುದಿಲ್ಲ. ಒಂದು ದಂಟು ಎತ್ತರ, ಇನ್ನೊಂದು ಗಿಡ್ಡ, ಇಳುವರಿಯೂ ಇಳಿಯುತ್ತದೆ. ವಂಶವಾಹಿಗಳು ಮರುಜೋಡಣೆಯಾಗಿ ಬೇರೆಬೇರೆಯಾದುದರ ಫಲವದು. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಹಡಗಲಿ ಮಲ್ಲಿಗೆ. ಮಲ್ಲಿಗೆಯನ್ನು ಬೀಜದಿಂದಲ್ಲ, ಕಡ್ಡಿ ನೆಟ್ಟು ಅಥವಾ ಟೊಂಗೆಯನ್ನು ಮಣ್ಣಿಗೆ ಬಾಗಿಸಿ ಬೇರು ಬರಿಸಿ ಬೆಳೆಸುತ್ತಾರೆ. ಹಾಗೆ ಬಂದ ಗಿಡ ತಾಯಿಗಿಡದ ಯಥಾಪ್ರತಿ. ಕಂಪು ಬದಲಾಗದೆ ಉಳಿಯುವುದೂ ಅದರಿಂದಲೇ, ಒಂದು ಗಿಡಕ್ಕೆ ತಗಲಿದ ರೋಗ ತೋಟಕ್ಕೆಲ್ಲ ಸುಲಭವಾಗಿ ಹರಡುವ ಅಪಾಯವಿರುವುದೂ ಅದರಿಂದಲೇ. ಹೂವಿನ ವ್ಯಾಪಾರಕ್ಕೆ ಏಕರೂಪತೆ ಒಳ್ಳೆಯದು; ಜೀವಂತ ಸಮುದಾಯವೊಂದರ ಬಾಳಿಗೆ ಅದು ಅಪಾಯಕರ.

ಮೂರನೆಯದು ವಂಶವಾಹಿಗಳ ಹರಿವು, ಅಂದರೆ ಹೊರಗಿನಿಂದ ಬಂದವರೊಡನೆ ನಡೆಯುವ ಬೆರಕೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕರಡಿಧಾಮವನ್ನು ಗಮನಿಸಿರಿ. ಬಂಡೆಗಲ್ಲಿನ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕರಡಿ ಓಡಾಡುವವರೆಗೂ ಅವುಗಳ ವಂಶವಾಹಿಗಳೂ ಓಡಾಡುತ್ತವೆ. ರಸ್ತೆ, ಗಣಿ, ಹೊಲಗಳು ನಡುವಿನ ದಾರಿಯನ್ನು ಮುಚ್ಚಿದರೆ ಪ್ರತಿಯೊಂದು ಗುಡ್ಡವೂ ಒಂದು ದ್ವೀಪವಾಗುತ್ತದೆ. ಮನುಷ್ಯರ ವಿಷಯದಲ್ಲಿಯೂ ಇದು ನಿಜ. ಈ ತಾಲ್ಲೂಕುಗಳ ತಾಂಡಾಗಳಲ್ಲಿ ನೆಲೆಸಿರುವ ಲಂಬಾಣಿಗಳ ಪೂರ್ವಿಕರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಉತ್ತರದಿಂದ ದಖ್ಖನಿಗೆ ಬಂದವರು. ರಾಜಸ್ಥಾನದ ನುಡಿಗಳಿಗೆ ನಂಟಿರುವ ಮಾತನ್ನು ಇಂದಿಗೂ ಆಡುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿಗಳು ಇನ್ನೂ ಸ್ಪಷ್ಟವಾದ ಉದಾಹರಣೆ. ಅವರಲ್ಲಿ ಕಥೋಲಿಕರೂ ಇದ್ದಾರೆ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯಾದ ಅವರ ಡಿಎನ್‌ಎಯಲ್ಲಿ ಆಫ್ರಿಕದ ಪಾಲು ಹೆಚ್ಚಿದ್ದು, ಅದರೊಡನೆ ಭಾರತದ ಹಾಗೂ ಅಲ್ಪ ಪ್ರಮಾಣದಲ್ಲಿ ಯೂರೋಪಿನ ಪಾಲೂ ಸೇರಿದೆ ಎಂದು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಪಾಲ್ಗೊಂಡು 2011ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ನೋವಿನ ಚರಿತ್ರೆಯೂ ವಂಶವಾಹಿಗಳಲ್ಲಿ ಬರೆಯಲ್ಪಡುತ್ತದೆ.

2. ವೈವಿಧ್ಯ ಸವೆಯುವ ಬಗೆ

ಈ ಮೂರು ಮೂಲಗಳಿಂದ ಬಂದುದು ತಾನಾಗಿಯೇ ಉಳಿಯುವುದಿಲ್ಲ. ನೈಸರ್ಗಿಕ ಆಯ್ಕೆ ಕೆಲವನ್ನು ಹೆಚ್ಚಿಸುತ್ತದೆ, ಕೆಲವನ್ನು ಅಳಿಸುತ್ತದೆ. ಅದಲ್ಲದೆ ಇನ್ನೊಂದು ಕಾರಣವಿದೆ. ಅದು ಕೇವಲ ಆಕಸ್ಮಿಕತೆ. ದೊಡ್ಡ ಕಣಜದಿಂದ ಒಂದು ಚೀಲ ಕಾಳು ತೆಗೆದರೆ ಎಲ್ಲ ಬಗೆಯ ಕಾಳೂ ಅದರಲ್ಲಿರುತ್ತದೆ. ಒಂದೇ ಹಿಡಿ ತೆಗೆದರೆ ಕೆಲವು ಬಗೆಗಳು ಬಾರದೇ ಹೋಗಬಹುದು, ಅಪರೂಪದ ಒಂದು ಬಗೆ ಹೆಚ್ಚಾಗಿಯೂ ಬರಬಹುದು. ಚಿಕ್ಕ ಸಮುದಾಯವೆಂದರೆ ಇಂತಹ ಒಂದು ಹಿಡಿ. ಕೆಲವೇ ಕುಟುಂಬಗಳಿಂದ ಆರಂಭವಾಗಿ, ಹೊರಗಿನವರೊಡನೆ ಬೆರೆಯದೆ ಬೆಳೆದ ಸಮುದಾಯದಲ್ಲಿ ಮೂಲಪುರುಷರೊಬ್ಬರಲ್ಲಿದ್ದ ಅಪರೂಪದ ಭಿನ್ನರೂಪ ಹತ್ತಾರು ತಲೆಮಾರುಗಳ ನಂತರ ಸಾಮಾನ್ಯವಾಗಿಬಿಡುತ್ತದೆ.

ಭಾರತದ ಚರಿತ್ರೆಯಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೂ ಈ ನೆಲದ ಜನ ವ್ಯಾಪಕವಾಗಿ ಪರಸ್ಪರ ಬೆರೆತರು, ಅನಂತರ ತಂತಮ್ಮ ಕುಲದೊಳಗೇ ವಿವಾಹವಾಗುವ ಕಟ್ಟು ಬಲಿಯಿತು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. 2017ರ ಇನ್ನೊಂದು ಅಧ್ಯಯನ ದಕ್ಷಿಣ ಏಷ್ಯಾದ 81 ಸಮುದಾಯಗಳನ್ನು ಗುರುತಿಸಿ, ಅವುಗಳ ಆರಂಭದ ಆನುವಂಶಿಕ ಇಕ್ಕಟ್ಟು ಫಿನ್ಲೆಂಡಿನ ಜನರದಕ್ಕಿಂತಲೂ ಅಷ್ಕೆನಾಜಿ ಯೆಹೂದ್ಯರದಕ್ಕಿಂತಲೂ ತೀವ್ರವಾದುದೆಂದು ಕಂಡುಕೊಂಡಿತು. ಅವುಗಳಲ್ಲಿ 14 ಸಮುದಾಯಗಳ ಜನಸಂಖ್ಯೆ ಇಂದು ಹತ್ತು ಲಕ್ಷಕ್ಕೂ ಹೆಚ್ಚು. ಇದು ನಾವು ಗಮನಿಸಬೇಕಾದ ಅಂಶ. ಇಂದಿನ ತಲೆ ಎಣಿಕೆ ದೊಡ್ಡದಾಗಿದ್ದ ಮಾತ್ರಕ್ಕೆ ವೈವಿಧ್ಯ ದೊಡ್ಡದಾಗಿರುವುದಿಲ್ಲ. ಸಮುದಾಯ ಎಷ್ಟು ಜನರಿಂದ ಆರಂಭವಾಯಿತು, ಅದರ ಬಾಗಿಲು ಎಷ್ಟು ಕಾಲ ಮುಚ್ಚಿತ್ತು ಎಂಬುದೇ ಮುಖ್ಯ.

ಕುಲದೊಳಗಿನ ವಿವಾಹ ಬೇರೆ, ಹತ್ತಿರದ ರಕ್ತಸಂಬಂಧದೊಳಗಿನ ವಿವಾಹ ಬೇರೆ. ಮೊದಲನೆಯದು ಊರಿನ ಕೋಟೆಗೋಡೆಯಾದರೆ ಎರಡನೆಯದು ಮನೆಯ ಒಳಕೋಣೆ. ನಮ್ಮ ನಾಡಿನಲ್ಲಿ ಎರಡೂ ಇವೆ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿ ನವಜಾತ ಶಿಶುಗಳ ತಪಾಸಣೆಯೊಡನೆ ನಡೆದ ದೊಡ್ಡ ಸಮೀಕ್ಷೆಯಲ್ಲಿ, ದಂಪತಿಗಳಲ್ಲಿ ಸುಮಾರು ಮೂವರಿಗೊಬ್ಬರು ರಕ್ತಸಂಬಂಧಿಗಳು, ಸುಮಾರು ಐದರಲ್ಲಿ ಒಂದು ವಿವಾಹ ಸೋದರಮಾವ ಮತ್ತು ಅಕ್ಕನ ಮಗಳ ನಡುವಿನದು ಎಂದು ಕಂಡುಬಂತು. ಕ್ರೈಸ್ತರಲ್ಲಿ ಈ ಪ್ರಮಾಣ ಹಿಂದೂಗಳಿಗಿಂತ ಕಡಿಮೆಯಿತ್ತು. ಆದರೆ ಕಡೆಗಣಿಸುವಷ್ಟು ಕಡಿಮೆಯಿರಲಿಲ್ಲ.

3. ಮೂರು ಬಗೆಯ ಎಣಿಕೆ

ಸಂಬಂಧವನ್ನು ಎಣಿಸುವ ಮೂರು ಬಗೆಗಳು ನಮ್ಮ ವಿಶ್ವಾಸಿಗಳ ಬದುಕಿನಲ್ಲಿ ಒಂದರ ಮೇಲೊಂದು ಬೀಳುತ್ತವೆ.

ವರಸೆಯ ಎಣಿಕೆ ಮೊದಲನೆಯದು. ಇದರ ಪ್ರಕಾರ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು ಅಣ್ಣತಂಗಿಯರು; ಅವರ ನಡುವೆ ಮದುವೆಯ ಮಾತನ್ನು ಎತ್ತುವುದೇ ಪಾಪ. ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು ಮಾತ್ರ ವರಸೆಗೆ ಕೂಡುವವರು. ಎಷ್ಟೋ ಕಡೆ ಸೋದರಮಾವನೇ ಮೊದಲ ಹಕ್ಕುದಾರ.

ಧರ್ಮಸಭೆಯ ಎಣಿಕೆ ಎರಡನೆಯದು. 108ನೆಯ ವಿಧಿಯಂತೆ ಎರಡು ಕವಲುಗಳಲ್ಲಿರುವ ಎಲ್ಲ ವ್ಯಕ್ತಿಗಳನ್ನು ಎಣಿಸಿ, ಸಮಾನ ಪೂರ್ವಿಕನನ್ನು ಬಿಟ್ಟರೆ ಉಳಿಯುವುದೇ ದರ್ಜೆ. ಸೋದರಮಾವ ಮತ್ತು ಅಕ್ಕನ ಮಗಳು ಮೂರನೆಯ ದರ್ಜೆ. ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳು ಪರಸ್ಪರ ನಾಲ್ಕನೆಯ ದರ್ಜೆ. ಅಡ್ಡಕವಲಿನಲ್ಲಿ ನಾಲ್ಕನೆಯ ದರ್ಜೆಯವರೆಗೂ ವಿವಾಹ ಅಸಿಂಧು. ನೇರ ಕವಲಿನಲ್ಲಿಯೂ ಅಡ್ಡಕವಲಿನ ಎರಡನೆಯ ದರ್ಜೆಯಲ್ಲಿಯೂ, ಅಂದರೆ ಒಡಹುಟ್ಟಿದವರ ನಡುವೆ, 1078ನೆಯ ವಿಧಿಯ ಪ್ರಕಾರ ವಿನಾಯಿತಿ ಎಂದಿಗೂ ಇಲ್ಲ. ಮೂರು ಮತ್ತು ನಾಲ್ಕನೆಯ ದರ್ಜೆಗಳಲ್ಲಿ ಸ್ಥಳೀಯ ಧರ್ಮಾಧ್ಯಕ್ಷರು ವಿನಾಯಿತಿ ನೀಡಬಹುದು. ಆದರೆ 90ನೆಯ ವಿಧಿ ಅದಕ್ಕೆ ನ್ಯಾಯಯುತವೂ ವಿವೇಕಯುತವೂ ಆದ ಕಾರಣವನ್ನು ಕೇಳುತ್ತದೆ. ಇಲ್ಲಿ ವರಸೆಯ ಭೇದಕ್ಕೆ ಎಡೆಯಿಲ್ಲ. ಸೋದರಮಾವನ ಮಗಳೂ ಚಿಕ್ಕಪ್ಪನ ಮಗಳೂ ಕಾನೂನಿನ ಕಣ್ಣಿಗೆ ಒಂದೇ.

ವಂಶವಾಹಿಗಳ ಎಣಿಕೆ ಮೂರನೆಯದು. ಅದು ಧರ್ಮಸಭೆಯ ಎಣಿಕೆಗೆ ಹತ್ತಿರ, ವರಸೆಗೆ ದೂರ. ಸೋದರಮಾವ ಮತ್ತು ಸೊಸೆ ತಮ್ಮ ವಂಶವಾಹಿಗಳಲ್ಲಿ ಸರಾಸರಿ ನಾಲ್ಕನೆಯ ಒಂದು ಪಾಲನ್ನು ಹಂಚಿಕೊಂಡಿರುತ್ತಾರೆ. ಒಡಹುಟ್ಟಿದವರ ಮಕ್ಕಳು ಎಂಟನೆಯ ಒಂದು ಪಾಲನ್ನು ಹಂಚಿಕೊಂಡಿರುತ್ತಾರೆ. ಅವರು ಸೋದರಮಾವನ ಕಡೆಯವರೋ ಚಿಕ್ಕಪ್ಪನ ಕಡೆಯವರೋ ಎಂಬುದು ಲೆಕ್ಕಕ್ಕೆ ಬಾರದು. ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಒಂದು ಸುಪ್ತ ಕಾಯಿಲೆಯ ಭಿನ್ನರೂಪ ಸಮುದಾಯದಲ್ಲಿ ನೂರಕ್ಕೆ ಒಂದರಂತೆ ಇದೆ ಎನ್ನೋಣ. ಸುಪ್ತ ಎಂದರೆ ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಯಿಲೆಯಾಗಿ ತೋರುವುದು. ಸಂಬಂಧವಿಲ್ಲದವರ ನಡುವೆ ವಿವಾಹವಾದರೆ ಒಂದು ಲಕ್ಷ ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಆ ಕಾಯಿಲೆ ಬರುತ್ತದೆ. ಸೋದರತ್ತೆ ಸೋದರಮಾವಂದಿರ ಮಕ್ಕಳ ನಡುವಿನ ವಿವಾಹಗಳಲ್ಲಿ ಅದು ಸುಮಾರು 72ಕ್ಕೆ ಏರುತ್ತದೆ. ಸೋದರಮಾವ ಮತ್ತು ಅಕ್ಕನ ಮಗಳ ವಿವಾಹಗಳಲ್ಲಿ ಸುಮಾರು 134. ಹಲವು ತಲೆಮಾರುಗಳಿಂದ ಅದೇ ಕುಟುಂಬಗಳು ಕೊಟ್ಟು ತಂದು ಮಾಡುತ್ತಾ ಬಂದಿದ್ದರೆ ಲೆಕ್ಕ ಇನ್ನೂ ಏರುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಸಂಬಂಧವಿಲ್ಲದ ದಂಪತಿಗಳಲ್ಲಿಯೂ 100 ಮಕ್ಕಳಲ್ಲಿ 2 ಅಥವಾ 3 ಮಕ್ಕಳು ಯಾವುದಾದರೂ ಗಂಭೀರ ಜನ್ಮಜಾತ ತೊಂದರೆಯೊಡನೆ ಹುಟ್ಟುತ್ತಾರೆ. ನಾಲ್ಕನೆಯ ದರ್ಜೆಯ ವಿವಾಹಗಳಲ್ಲಿ ಈ ಪ್ರಮಾಣ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಅಂದರೆ 90ಕ್ಕೂ ಹೆಚ್ಚು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದ್ದರಿಂದ ಹಳ್ಳಿಯ ಅಜ್ಜಿ ತನ್ನ ಮೊಮ್ಮಕ್ಕಳನ್ನು ತೋರಿಸಿ ‘ಇವರಿಗೇನಾಗಿದೆ ಸ್ವಾಮಿ?’ ಎಂದು ಕೇಳಿದರೆ ಅವಳ ಮಾತು ಸುಳ್ಳಲ್ಲ. ಆದರೆ ಹುಟ್ಟು ಕಿವುಡಿನಂತಹ ಕೆಲವು ಸುಪ್ತ ತೊಂದರೆಗಳು ಇಂತಹ ಕುಟುಂಬಗಳಲ್ಲಿ ಹೆಚ್ಚೆಂಬುದೂ ಸುಳ್ಳಲ್ಲ. ಗುರುವಾದವನು ಎರಡನ್ನೂ ತಿಳಿದಿರಬೇಕು.

4. ಧರ್ಮಸಭೆಯ ಪರಂಪರೆ

ಸೋದರಿಕೆ ಮದುವೆಯನ್ನು ಸಮರ್ಥಿಸುವ ವಿಶ್ವಾಸಿಗಳು ಪವಿತ್ರ ಗ್ರಂಥವನ್ನೇ ಮುಂದಿಡುತ್ತಾರೆ. ಯಕೋಬನು ಮದುವೆಯಾದದ್ದು ಸೋದರಮಾವ ಲಾಬಾನನ ಹೆಣ್ಣುಮಕ್ಕಳನ್ನೇ ಅಲ್ಲವೇ ಎಂಬುದು ಅವರ ಪ್ರಶ್ನೆ. ಹೌದು, ಇಂದಿನ ಎಣಿಕೆಯಲ್ಲಿ ಅದು ನಾಲ್ಕನೆಯ ದರ್ಜೆ. ಆದರೆ ಪಿತಾಮಹರ ಕಾಲದ ರೂಢಿಯೆಲ್ಲವೂ ದೇವರು ವಿಧಿಸಿದ ನಿಯಮವಲ್ಲ. ಒಬ್ಬನಿಗೇ ಅಕ್ಕತಂಗಿಯರಿಬ್ಬರೂ ಪತ್ನಿಯರಾದುದನ್ನು ಮುಂದೆ ಯಾಜಕಕಾಂಡದ 18ನೆಯ ಅಧ್ಯಾಯವೇ ನಿಷೇಧಿಸುತ್ತದೆ. ಅದೇ ಯಕೋಬನ ಕಥೆಯಲ್ಲಿ ನಮ್ಮ ವಿಷಯಕ್ಕೆ ಹತ್ತಿರವಾದ ಇನ್ನೊಂದು ಪ್ರಸಂಗವಿದೆ. ಆದಿಕಾಂಡದ 30ನೆಯ ಅಧ್ಯಾಯದಲ್ಲಿ ಅವನು ಸಿಪ್ಪೆ ಸುಲಿದ ಕೋಲುಗಳನ್ನು ಹಿಂಡಿನ ಮುಂದಿಟ್ಟು ಚುಕ್ಕೆಮರಿಗಳನ್ನು ಪಡೆಯಲು ಯತ್ನಿಸುತ್ತಾನೆ. 31ನೆಯ ಅಧ್ಯಾಯದ ಕನಸಿನಲ್ಲಾದರೋ ಹಿಂಡನ್ನು ಕೂಡುತ್ತಿದ್ದ ಗಂಡುಗಳೇ ಚುಕ್ಕೆಯುಳ್ಳವೆಂದು ಅವನಿಗೆ ತೋರಿಸಲಾಗುತ್ತದೆ. ಬಳ್ಳಾರಿ ತಳಿಯ ಕುರಿ ಸಾಕುವವರು ಈ ಪ್ರಸಂಗವನ್ನು ನಮಗಿಂತ ಚೆನ್ನಾಗಿ ಅರಿಯಬಲ್ಲರು. ಅದೇ ಹಿಂಡಿನ ಟಗರನ್ನೇ ಬಹುಕಾಲ ಬಿಟ್ಟರೆ ಮರಿಗಳು ಸೊರಗುತ್ತವೆ, ಒಂದೆರಡು ವರ್ಷಕ್ಕೊಮ್ಮೆ ಬೇರೆ ಹಿಂಡಿನಿಂದ ಟಗರು ತರಬೇಕು ಎಂಬುದು ಪಶುವೈದ್ಯರು ಅವರಿಗೆ ಕೊಡುವ ಸಾಮಾನ್ಯ ಸಲಹೆ.

ಪಿತೃಗಳ ಕಾಲಕ್ಕೆ ಬಂದರೆ, ಸಂತ ಅಗಸ್ಟೀನರು ‘ದೇವನಗರ’ ಗ್ರಂಥದ 15ನೆಯ ಪುಸ್ತಕದಲ್ಲಿ ಕೊಡುವ ಕಾರಣ ಮುಖ್ಯವಾದುದು. ಮಾನವಕುಲದ ಆರಂಭದಲ್ಲಿ ಒಡಹುಟ್ಟಿದವರ ವಿವಾಹ ಅನಿವಾರ್ಯವಾಗಿತ್ತು. ಜನ ಹೆಚ್ಚಿದ ಮೇಲೆ ಅದು ತಕ್ಕುದಲ್ಲ. ಒಬ್ಬನೇ ವ್ಯಕ್ತಿಯಲ್ಲಿ ಎರಡು ಸಂಬಂಧಗಳನ್ನು ತುಂಬುವುದಕ್ಕಿಂತ ಇಬ್ಬರಲ್ಲಿ ಹಂಚಿದರೆ ಪ್ರೀತಿಯ ಬಂಧ ವಿಸ್ತಾರವಾಗುತ್ತದೆ ಎಂಬುದು ಅವರ ತರ್ಕ. ಮಾವನೂ ಸೋದರಮಾವನೂ ಒಬ್ಬನೇ ಆದರೆ ಒಂದು ಮನೆ ಮಾತ್ರ ನಮ್ಮದಾಗುತ್ತದೆ. ಬೇರೆಬೇರೆಯಾದರೆ ಎರಡು ಮನೆಗಳು ನಮ್ಮವಾಗುತ್ತವೆ. ಸಂತ ತೋಮಸ್ ಅಕ್ವಿನಾಸರೂ ರಕ್ತಸಂಬಂಧದ ನಿಷೇಧಕ್ಕೆ ಕೊಡುವ ಕಾರಣಗಳಲ್ಲಿ ಸ್ನೇಹಬಂಧಗಳು ಹೆಚ್ಚದಂತೆ ಅದು ತಡೆಯುತ್ತದೆ ಎಂಬುದನ್ನು ಸೇರಿಸುತ್ತಾರೆ. ಸಂತತಿಯ ಆರೋಗ್ಯದ ಮಾತೂ ಪರಂಪರೆಯಲ್ಲಿ ಇಲ್ಲದಿಲ್ಲ. ಕ್ಯಾಂಟರ್ಬರಿಯ ಅಗಸ್ಟೀನರಿಗೆ ಮಹಾ ಗ್ರೆಗೊರಿಯವರು ಬರೆದರೆಂದು ಸಂತ ಬೀಡ್ ದಾಖಲಿಸಿರುವ ಉತ್ತರದಲ್ಲಿ, ಇಂತಹ ವಿವಾಹದ ಸಂತತಿ ಏಳಿಗೆಯಾಗದೆಂಬುದು ಅನುಭವದಿಂದ ತಿಳಿದಿದೆ ಎಂಬ ಅಭಿಪ್ರಾಯವಿದೆ.

ನಿಷೇಧದ ಗಡಿ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ, ಅಂದಿನ ಎಣಿಕೆಯಂತೆ ಏಳು ದರ್ಜೆಗಳವರೆಗೆ ಇದ್ದ ನಿಷೇಧವನ್ನು ನಾಲ್ಕಕ್ಕೆ ಇಳಿಸಿತು. ದೇಹದಲ್ಲಿ ನಾಲ್ಕು ರಸಗಳಿವೆ, ಅವು ನಾಲ್ಕು ಧಾತುಗಳಿಂದ ಆದವು, ಆದ್ದರಿಂದ ನಾಲ್ಕು ಎಂಬ ಸಂಖ್ಯೆ ದೈಹಿಕ ಕೂಟಕ್ಕೆ ತಕ್ಕುದು ಎಂದು ಮಹಾಸಭೆ ಹೇಳಿತು. ಅಂದಿನ ವೈದ್ಯಶಾಸ್ತ್ರವನ್ನು ಧರ್ಮಸಭೆ ತನ್ನ ಕಾನೂನಿನ ವಿವರಣೆಗೆ ಬಳಸಿಕೊಂಡ ಈ ಉದಾಹರಣೆಯಿಂದ ನಾವು ಎರಡು ಪಾಠಗಳನ್ನು ಕಲಿಯಬಹುದು. ತನ್ನ ಕಾಲದ ಪ್ರಕೃತಿವಿಜ್ಞಾನದೊಡನೆ ಮಾತನಾಡಲು ಧರ್ಮಸಭೆ ಹಿಂಜರಿಯಲಿಲ್ಲ ಎಂಬುದು ಮೊದಲನೆಯದು. ನಾಲ್ಕು ರಸಗಳ ಸಿದ್ಧಾಂತ ಬಿದ್ದುಹೋದರೂ ನಿಷೇಧ ಬೀಳಲಿಲ್ಲ; ಏಕೆಂದರೆ ಅದರ ತಳಹದಿ ಕುಟುಂಬದ ಗೌರವ ಮತ್ತು ಪ್ರೀತಿಯ ವಿಸ್ತರಣೆ, ವೈದ್ಯಶಾಸ್ತ್ರವಲ್ಲ ಎಂಬುದು ಎರಡನೆಯದು. ಇಂದಿನ ವಂಶವಾಹಿ ವಿಜ್ಞಾನವನ್ನೂ ನಾವು ಇದೇ ವಿವೇಕದಿಂದ ಬಳಸಬೇಕು. ಅದು ಕಾನೂನಿಗೆ ಸಾಕ್ಷಿ ನುಡಿಯುತ್ತದೆ, ಕಾನೂನಿನ ಒಡೆಯನಾಗುವುದಿಲ್ಲ.

5. ವೈವಿಧ್ಯ, ಆಕಸ್ಮಿಕತೆ, ದೇವರ ಪರಿಪಾಲನೆ

ಸೃಷ್ಟಿಯಲ್ಲಿ ಇಷ್ಟೊಂದು ಭೇದಗಳೇಕೆ ಎಂಬ ಪ್ರಶ್ನೆಗೆ ಸಂತ ತೋಮಸರು ತಮ್ಮ ಮಹಾಗ್ರಂಥದ ಮೊದಲ ಭಾಗದ 47ನೆಯ ಪ್ರಶ್ನೆಯಲ್ಲಿ ಉತ್ತರಿಸುತ್ತಾರೆ. ದೇವರ ಒಳಿತನ್ನು ಯಾವ ಒಂದು ಸೃಷ್ಟಿಯೂ ಪೂರ್ಣವಾಗಿ ಪ್ರತಿಬಿಂಬಿಸಲಾರದು. ಆದ್ದರಿಂದ ಒಂದರಲ್ಲಿ ಕೊರತೆಯಾದುದನ್ನು ಇನ್ನೊಂದು ತುಂಬಲೆಂದು ದೇವರು ಅನೇಕವನ್ನು ಸೃಷ್ಟಿಸಿದರು. ಅವರು ಮಾತನಾಡಿದ್ದು ಸೃಷ್ಟಿಯ ಬಗೆಗಳ ಕುರಿತು; ಒಂದು ಜನಸಮುದಾಯದೊಳಗಿನ ವೈವಿಧ್ಯವನ್ನೂ ಆ ಬೆಳಕಿನಲ್ಲಿ ಕಾಣುವುದು ಅಸಂಗತವಲ್ಲ.

ಆದರೆ ಈ ವೈವಿಧ್ಯ ಪ್ರತಿಲೇಖನದ ತಪ್ಪುಗಳಿಂದ, ಆಕಸ್ಮಿಕ ಜೋಡಣೆಗಳಿಂದ ಬರುವುದಾದರೆ ದೇವರ ಪರಿಪಾಲನೆಗೆ ಎಡೆಯೆಲ್ಲಿ? ಆಕಸ್ಮಿಕವಾಗಿ ನಡೆಯುವುದೂ ದೇವರ ಪರಿಪಾಲನೆಯ ಹೊರಗಿಲ್ಲ, ಪರಿಪಾಲನೆ ಆಕಸ್ಮಿಕತೆಯನ್ನು ಅಳಿಸುವುದೂ ಇಲ್ಲ ಎಂದು ತೋಮಸರೇ ಅನ್ಯಮತೀಯರಿಗಾಗಿ ಬರೆದ ಗ್ರಂಥದಲ್ಲಿ ವಿವರಿಸಿದ್ದಾರೆ. 2004ರಲ್ಲಿ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವೂ ವಿಕಾಸದ ಕುರಿತು ಈ ನಿಲುವನ್ನೇ ಎತ್ತಿಹಿಡಿಯಿತು. ಮಗುವೊಂದು ಸುಪ್ತ ಕಾಯಿಲೆಯೊಡನೆ ಹುಟ್ಟಿದಾಗ ಈ ತತ್ತ್ವ ನಮ್ಮ ನಾಲಿಗೆಯನ್ನು ಕಾಯಬೇಕು. ಹುಟ್ಟು ಕುರುಡನ ಕುರಿತು ಪಾಪ ಮಾಡಿದವರು ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದಾಗ, ಪ್ರಭು ಯೇಸು ಇಬ್ಬರನ್ನೂ ಆ ಆಪಾದನೆಯಿಂದ ಬಿಡಿಸಿದುದನ್ನು ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಓದುತ್ತೇವೆ. ‘ಸೋದರಿಕೆ ಮಾಡಿಕೊಂಡಿರಿ, ಅದಕ್ಕೇ ಹೀಗಾಯಿತು’ ಎಂದು ತೊಟ್ಟಿಲ ಮುಂದೆ ನಿಂತು ಹೇಳುವ ಗುರು ಆ ಶಿಷ್ಯರ ಪ್ರಶ್ನೆಯನ್ನೇ ಮತ್ತೆ ಕೇಳುತ್ತಾನೆ, ಪ್ರಭುವಿನ ಉತ್ತರವನ್ನು ಕೇಳಿಸಿಕೊಂಡಿಲ್ಲ.

ಇಲ್ಲಿ ಇನ್ನೊಂದು ಅಪಾಯವನ್ನೂ ಗುರುತಿಸಬೇಕು. ವಂಶದ ಗುಣಗಳನ್ನು ತೂಗಿ ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸುವ ಸಿದ್ಧಾಂತಕ್ಕೆ 1883ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಹೆಸರಿಟ್ಟರು. ಮುಂದಿನ ಶತಮಾನದಲ್ಲಿ ಅದು ಎಂತಹ ಕ್ರೌರ್ಯಕ್ಕೆ ದಾರಿಯಾಯಿತೆಂಬುದು ಎಲ್ಲರಿಗೂ ತಿಳಿದಿದೆ. ವೈವಿಧ್ಯವನ್ನು ಕಾಪಾಡುವುದು ಸಮುದಾಯದ ಹಿತಕ್ಕಾಗಿ. ಒಬ್ಬ ವ್ಯಕ್ತಿಯ ಬೆಲೆ ಅವನ ವಂಶವಾಹಿಗಳಿಂದ ನಿರ್ಧಾರವಾಗುವುದಿಲ್ಲ.

6. ಪಾಲನಾಸೇವೆಗೆ ಕೆಲವು ನಿರ್ಣಯಗಳು

ಮೊದಲನೆಯದಾಗಿ, ಸಂಬಂಧದ ವಿಚಾರಣೆ ಲಗ್ನಪತ್ರಿಕೆ ಅಚ್ಚಾಗುವ ಮುನ್ನವೇ ನಡೆಯಬೇಕು. ಛತ್ರ ಗೊತ್ತುಮಾಡಿ, ಸೀರೆ ತಂದ ಮೇಲೆ ಕೇಳುವ ವಿನಾಯಿತಿಯಲ್ಲಿ ಧರ್ಮಾಧ್ಯಕ್ಷರಿಗೆ ವಿವೇಚಿಸಲು ಎಡೆಯಿರುವುದಿಲ್ಲ. ಯುವಜನರ ಕೂಟಗಳಲ್ಲಿ, ಕುಟುಂಬ ಸಂದರ್ಶನಗಳಲ್ಲಿ ಈ ಮಾತು ಮೊದಲೇ ಬರಲಿ.

ಎರಡನೆಯದಾಗಿ, ಅರ್ಜಿಯೊಡನೆ ಕನಿಷ್ಠ ಮೂರು ತಲೆಮಾರುಗಳ ವಂಶವೃಕ್ಷವನ್ನು ಬರೆಸಬೇಕು. ದರ್ಜೆ ಒಂದೇ ಆದರೂ, ಮೊದಲ ಬಾರಿಗೆ ಆಗುವ ಸೋದರಿಕೆಗೂ ಅಜ್ಜಿಯ ಕಾಲದಿಂದ ಅವೇ ಎರಡು ಮನೆಗಳ ನಡುವೆ ನಡೆದುಬಂದ ಸೋದರಿಕೆಗೂ ಬಹಳ ವ್ಯತ್ಯಾಸವಿದೆ. ಹೊಲ ಮನೆ ಹೊರಗೆ ಹೋಗಬಾರದು ಎಂಬುದೊಂದೇ ಕಾರಣವಾದರೆ ಅದು 90ನೆಯ ವಿಧಿ ಕೇಳುವ ಕಾರಣವಾಗುವುದೇ ಎಂದು ನಾವು ಪ್ರಾಮಾಣಿಕವಾಗಿ ಪ್ರಶ್ನಿಸಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ ಹುಡುಗಿಯನ್ನು ಪ್ರತ್ಯೇಕವಾಗಿ ಮಾತನಾಡಿಸಬೇಕು. ಎತ್ತಿ ಆಡಿಸಿದ ಸೋದರಮಾವನಿಗೇ ಕೊಡಲು ಮನೆಯವರು ನಿಶ್ಚಯಿಸಿದಾಗ ಅವಳ ಒಪ್ಪಿಗೆ ನಿಜವಾಗಿ ಸ್ವತಂತ್ರವಾದುದೇ ಎಂಬುದು ವಂಶವಾಹಿಗಳ ಲೆಕ್ಕಕ್ಕಿಂತ ದೊಡ್ಡ ಪ್ರಶ್ನೆ. ವಿವಾಹವನ್ನು ಉಂಟುಮಾಡುವುದು ಅವಳ ಮತ್ತು ಅವನ ಸಮ್ಮತಿಯೇ ಹೊರತು ಹಿರಿಯರ ಮಾತುಕತೆಯಲ್ಲ.

ಮೂರನೆಯದಾಗಿ, ಮದುವೆಯಾಗಿಬಿಟ್ಟಿರುವ ದಂಪತಿಗಳಲ್ಲಿ ಭಯವನ್ನಾಗಲಿ ಅಪರಾಧಭಾವನೆಯನ್ನಾಗಲಿ ಬಿತ್ತಬಾರದು. ಗರ್ಭ ನಿಲ್ಲುವ ಮುನ್ನವೇ ವೈದ್ಯರ ಸಲಹೆ ಪಡೆಯುವಂತೆ, ಹುಟ್ಟಿದ ಮಗುವಿನ ಶ್ರವಣಶಕ್ತಿಯನ್ನು ಬೇಗ ಪರೀಕ್ಷಿಸುವಂತೆ ಹೇಳಬೇಕು. ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನಂತಹ ನಮ್ಮದೇ ಸಂಸ್ಥೆಗಳೂ, ಅದೇ ನಗರದ ಮಾನವ ತಳಿವಿಜ್ಞಾನ ಕೇಂದ್ರವೂ ಇರುವಾಗ ದಾರಿ ತೋರಿಸುವುದು ಕಷ್ಟವಲ್ಲ. ತಡವಾಗಿ ಗೊತ್ತಾದ ಕಿವುಡು ಮಗುವಿನ ಮಾತನ್ನೂ ಕಸಿಯುತ್ತದೆ. ಬೇಗ ಗೊತ್ತಾದರೆ ಎಷ್ಟೋ ನೆರವು ಸಾಧ್ಯ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದುದು. ಚಿಕ್ಕ ವಿಶ್ವಾಸಿ ಸಮುದಾಯಕ್ಕೆ ಹೊರದಾರಿಯಿಲ್ಲವೆಂದು ನಾವು ಹೇಳುವಾಗ ನಿಜವಾಗಿ ಹೇಳುತ್ತಿರುವುದೇನು? ಕೊಟ್ಟೂರಿನ ಕುಟುಂಬಕ್ಕೆ ಹರಪನಹಳ್ಳಿಯಲ್ಲಿ, ಕೂಡ್ಲಿಗಿಯ ಕುಟುಂಬಕ್ಕೆ ರಾಯಚೂರಿನಲ್ಲಿ ಅಥವಾ ಶಿವಮೊಗ್ಗದಲ್ಲಿ ವಿಶ್ವಾಸಿ ಸಂಬಂಧ ಸಿಗಲಾರದೇ? ಸಿಗುತ್ತದೆ. ಆದರೆ ಅದು ಬೇರೆ ಜಾತಿಯ ಹಿನ್ನೆಲೆಯ ಕುಟುಂಬವಾಗಿರಬಹುದು. ಒಂದೇ ಬಲಿಪೀಠದ ಮುಂದೆ ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳುವವರು ಮದುವೆಯ ಮಾತು ಬಂದೊಡನೆ ಹಳೆಯ ಗೋಡೆಗಳ ಹಿಂದೆ ಸರಿಯುವುದಾದರೆ, ರಕ್ತಸಂಬಂಧದ ವಿನಾಯಿತಿಯ ಅರ್ಜಿ ಎಷ್ಟೋ ಸಲ ಜಾತಿಯ ಅರ್ಜಿಯೇ ಆಗಿರುತ್ತದೆ. ನಾವು ಅದಕ್ಕೆ ಸಹಿ ಹಾಕುತ್ತಿದ್ದೇವೆಂಬ ಅರಿವು ನಮಗಿರಬೇಕು. ಧರ್ಮಕೇಂದ್ರಗಳ ನಡುವೆ, ಧರ್ಮಕ್ಷೇತ್ರಗಳ ನಡುವೆ ಕುಟುಂಬಗಳ ಪರಿಚಯವನ್ನು ಬೆಳೆಸುವುದು ಗುರುಗಳು ಸೇರಿ ಮಾಡಬಹುದಾದ ಕೆಲಸ. ಅದಾಗದ ಕಡೆ, ಕ್ರೈಸ್ತರಲ್ಲದವರೊಡನೆ ವಿವಾಹವನ್ನು ಬಯಸಿ ಬರುವ ಯುವಜನರನ್ನು ಸೋದರಿಕೆಗೆ ತಳ್ಳುವುದು ವಿಶ್ವಾಸದ ರಕ್ಷಣೆಯಾಗುವುದೇ ಎಂಬುದನ್ನೂ ಪ್ರತಿಯೊಂದು ಸಂದರ್ಭದಲ್ಲಿ ಪ್ರತ್ಯೇಕವಾಗಿ ವಿವೇಚಿಸಬೇಕು. ಎರಡು ವಿನಾಯಿತಿಗಳಲ್ಲಿ ಯಾವುದು ಈ ಇಬ್ಬರ ಮತ್ತು ಅವರ ಮುಂದಿನ ಮಕ್ಕಳ ಒಳಿತಿಗೆ ಹೊಂದುತ್ತದೆ ಎಂದು ತೂಗುವುದೇ ಪಾಲಕನ ವಿವೇಕ.

ಉಪಸಂಹಾರ

ಉತ್ಪರಿವರ್ತನೆ, ಪುನಃಸಂಯೋಜನೆ ಎಂಬ ಮೊದಲ ಎರಡು ಮೂಲಗಳು ನಮ್ಮ ಇಚ್ಛೆಯನ್ನು ಕೇಳದೆ ನಡೆಯುತ್ತವೆ. ಮೂರನೆಯದಾದ ಹರಿವಿಗೆ ಮಾತ್ರ ಮನುಷ್ಯನು ಬಾಗಿಲು ತೆರೆಯಬಲ್ಲನು, ಮುಚ್ಚಬಲ್ಲನು. ನಾವು ಯಾರೊಡನೆ ನೆಂಟಸ್ತನ ಬೆಳೆಸುತ್ತೇವೆ ಎಂಬ ನಿರ್ಣಯದ ಮೂಲಕ ಅದು ನಡೆಯುತ್ತದೆ. ಪ್ರೀತಿಯ ಬಂಧ ಹೊರಕ್ಕೆ ಹರಡಬೇಕೆಂದು ಸಂತ ಅಗಸ್ಟೀನರು ವಂಶವಾಹಿಯ ಹೆಸರನ್ನೇ ಅರಿಯದೆ ಬರೆದರು. ಅವರು ಹೇಳಿದ ದಾರಿಯಲ್ಲಿ ನಡೆದ ಸಮುದಾಯ ತನ್ನ ಮಕ್ಕಳ ದೇಹದ ಆರೋಗ್ಯವನ್ನೂ ಕಾಪಾಡಿಕೊಳ್ಳುತ್ತದೆ ಎಂದು ವಿಜ್ಞಾನ ಇಂದು ತಿಳಿಸುತ್ತಿದೆ. ಮುಂದಿನ ಬಾರಿ ರಕ್ತಸಂಬಂಧದ ವಿನಾಯಿತಿಯ ಅರ್ಜಿ ನಮ್ಮ ಮುಂದೆ ಬಂದಾಗ, ಅದನ್ನು ಧರ್ಮಾಧ್ಯಕ್ಷರಿಗೆ ಕಳುಹಿಸುವ ಮುನ್ನ ಕಾರಣವೆಂದು ಬರೆದಿರುವ ಸಾಲನ್ನು ಇನ್ನೊಮ್ಮೆ ಓದೋಣ, ಆ ಇಬ್ಬರನ್ನೂ ಇನ್ನೊಮ್ಮೆ ಕರೆದು ಮಾತನಾಡಿಸೋಣ.